ಹಿನ್ನೀರಿಗೊಂದು, ಕಡಲಿಗೊಂದು: ಐದು ಚಾಕುಗಳ ಹೋಲಿಕೆ

ವರುಣಾ ಕೆರೆಯಲ್ಲಿಯೂ ಕನ್ನಂಬಾಡಿ ಹಿನ್ನೀರಿನಲ್ಲಿಯೂ ಕಯಾಕ್ ನಡೆಸುವ, ವರ್ಷಕ್ಕೊಮ್ಮೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವ ನಾನು, ಇವೆರಡಕ್ಕೂ ಒಂದೇ ಚಾಕು ಸಾಕೆಂದು ಬಹಳ ದಿನ ನಂಬಿದ್ದೆ. ಆ ನಂಬಿಕೆ ಸುಳ್ಳಾದ ಮೇಲೆ ಒಂದೊಂದಾಗಿ ಕೊಂಡ ಐದು ಸಾಧನಗಳು ಈಗ ಮೈಸೂರಿನ ನಮ್ಮ ಮನೆಯಲ್ಲಿವೆ: ಚೂಪು ಮೊನೆಯ ಟೈಟಾನಿಯಂ ಡೈವಿಂಗ್ ಚಾಕು, ಮೊಂಡು ಮೊನೆಯ ಸ್ಟೀಲ್ ಚಾಕು, ಮಡಚುವ ಚಾಕು, ದಾರ ಕತ್ತರಿಸುವ ಕೊಕ್ಕೆ ಮತ್ತು ವೈದ್ಯಕೀಯ ಉಪಕರಣಗಳ ಅಂಗಡಿಯಲ್ಲಿ ಸಿಗುವ ಬ್ಯಾಂಡೇಜ್ ಕತ್ತರಿ. ನೀರಿನಲ್ಲಿ ಚಾಕುವಿನ ಕೆಲಸ ಬಲೆ, ಹಗ್ಗ, ಮೀನಿನ ಗಾಳದ ದಾರಗಳಿಂದ ಮೈ ಬಿಡಿಸಿಕೊಳ್ಳುವುದು. ಸಿನಿಮಾದಲ್ಲಿ ಕಾಣುವಂತೆ ಮೊಸಳೆಯೊಂದಿಗೆ ಕಾದಾಡುವುದಲ್ಲ.

ಮೊದಲು ಸೋತದ್ದು ಮಡಚುವ ಚಾಕು. ಅಣೆಕಟ್ಟೆಯ ನೀರು 124.80 ಅಡಿಯ ಗರಿಷ್ಠ ಮಟ್ಟದಿಂದ ಸಾಕಷ್ಟು ಕೆಳಗಿಳಿದಿದ್ದ ಬೇಸಿಗೆಯ ಒಂದು ಬೆಳಿಗ್ಗೆ, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಗೋಪುರ ಕಾಣುವಷ್ಟು ದೂರದಲ್ಲಿ, ನನ್ನ ಕಯಾಕಿನ ಚುಕ್ಕಾಣಿಗೆ ನೈಲಾನ್ ಬಲೆಯೊಂದು ಸುತ್ತಿಕೊಂಡಿತು. ಗಾಳಿ ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತಿತ್ತು. ಒಂದು ಕೈಯಲ್ಲಿ ಹುಟ್ಟು ಹಿಡಿದು ಇನ್ನೊಂದು ಕೈಯ ಒದ್ದೆ ಹೆಬ್ಬೆರಳಿನಿಂದ ಅಲಗನ್ನು ತೆರೆಯಲು ಮಾಡಿದ ನಾಲ್ಕು ಪ್ರಯತ್ನಗಳೂ ಜಾರಿದವು. ಕೊನೆಗೆ ಹುಟ್ಟನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಚಾಕು ಬಿಡಿಸಿ, ಹಿಂದಕ್ಕೆ ಬಾಗಿ, ಸಿಕ್ಕಿದ ಕಡೆಯಲ್ಲೆಲ್ಲ ಕೊಯ್ದೆ. ಅಷ್ಟರಲ್ಲಿ ಹರಿಗೋಲಿನಲ್ಲಿ ಬಂದ ಬಲೆಯ ಯಜಮಾನರು ಕೋಪಿಸಿಕೊಳ್ಳಲಿಲ್ಲ. “ಕುಯ್ದಿದ್ದು ಕುಯ್ದ್ರಿ ಸ್ವಾಮಿ, ಅಂಚಿನ ಹಗ್ಗ ಬಿಟ್ಟು ಕುಯ್ದಿದ್ರೆ ಹೆಣ್ಕೋಬೋದಿತ್ತು” ಎಂದಷ್ಟೇ ಹೇಳಿದರು. ಬಲೆಯ ಬೆಲೆಯನ್ನು ಕೊಟ್ಟು ಬಂದೆನಾದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು: ಬೇಕಾದ ಒಂದೆರಡು ಎಳೆಗಳನ್ನು ಮಾತ್ರ ಆರಿಸಿ ಕತ್ತರಿಸಬಲ್ಲ ಸಾಧನ ನನ್ನ ಬಳಿ ಇರಲಿಲ್ಲ.

ಆ ಬಳಿಕ ಪರೀಕ್ಷೆಯನ್ನು ಮನೆಯಲ್ಲಿಯೇ ನಡೆಸಿದೆ. ಸಂತೇಪೇಟೆಯಿಂದ 10 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಗ್ಗವನ್ನೂ ತೆಳುವಾದ ನೈಲಾನ್ ದಾರವನ್ನೂ ತಂದು, ನೀರಿನ ತೊಟ್ಟಿಯೊಳಗೆ ಸಡಿಲವಾಗಿ ಕಟ್ಟಿ, ಕಣ್ಣು ಮುಚ್ಚಿಕೊಂಡು ಒಂದೇ ಕೈಯಲ್ಲಿ ಕತ್ತರಿಸತೊಡಗಿದೆ. ಸಡಿಲವಾಗಿ ಕಟ್ಟುವುದು ಮುಖ್ಯ, ಏಕೆಂದರೆ ಬಿಗಿಯಾದ ಹಗ್ಗವನ್ನು ಅಡುಗೆಮನೆಯ ಚಾಕುವೂ ಕತ್ತರಿಸುತ್ತದೆ. ದಪ್ಪ ಹಗ್ಗದಲ್ಲಿ ಮೊಂಡು ಮೊನೆಯ ಸ್ಟೀಲ್ ಚಾಕುವಿನ ಗರಗಸದ ಹಲ್ಲುಗಳು ಐದಾರು ಎಳೆತಗಳಲ್ಲಿ ಕೆಲಸ ಮುಗಿಸಿದವು. ಟೈಟಾನಿಯಂ ಚಾಕುವಿನ ನೇರ ಅಲಗು ಮೊದಲ ದಿನ ಚೆನ್ನಾಗಿದ್ದು, ಕೆಲವೇ ಬಾರಿ ಬಳಸಿದ ನಂತರ ಮೊಂಡಾಗಿ ಹಗ್ಗದ ಮೇಲೆ ಜಾರತೊಡಗಿತು. ಬ್ಯಾಂಡೇಜ್ ಕತ್ತರಿ ಹಗ್ಗವನ್ನು ಎರಡು ಕಡಿತಗಳಲ್ಲಿ ತುಂಡರಿಸಿತು, ಆದರೆ ಕೈಗವಸು ಹಾಕಿದ ಬೆರಳುಗಳು ಅದರ ಹಿಡಿಯೊಳಗೆ ಹೋಗುವುದೇ ತ್ರಾಸ.

ತೆಳುವಾದ ದಾರದ ವಿಷಯದಲ್ಲಿ ಎಲ್ಲವನ್ನೂ ಮೀರಿಸಿದ್ದು ಕೊಕ್ಕೆ. ಅಂಗೈಯಷ್ಟೂ ಇಲ್ಲದ ಈ ಸಾಧನದಲ್ಲಿ ಅಲಗು ಸೀಳಿನ ಒಳಗಡೆ ಅಡಗಿರುತ್ತದೆ. ದಾರವನ್ನು ಆ ಸೀಳಿಗೆ ಸಿಕ್ಕಿಸಿ ತನ್ನ ಕಡೆಗೆ ಎಳೆದರೆ ಸಾಕು. ಮಂಡ್ಯದ ಗದ್ದೆಯಲ್ಲಿ ಬತ್ತ ಕೊಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಕುಡುಗೋಲಿನ ಒಳಬಾಗು ಮಾಡುವುದೂ ಇದನ್ನೇ: ಬುಡ ಅತ್ತಿತ್ತ ಸರಿಯಲು ಬಿಡದೆ ತನ್ನೊಳಕ್ಕೆ ತಬ್ಬಿಕೊಂಡು ಎಳೆತದಲ್ಲಿ ಕೊಯ್ಯುವುದು. ಬಲೆಯ ಅಂಚಿನ ಹಗ್ಗವನ್ನು ಉಳಿಸಿ ನಡುವಿನ ಎಳೆಗಳನ್ನು ಮಾತ್ರ ತೆಗೆಯಲು ಇದಕ್ಕಿಂತ ಅನುಕೂಲವಾದದ್ದನ್ನು ನಾನು ಕಂಡಿಲ್ಲ. 10 ಮಿಲಿಮೀಟರ್ ಹಗ್ಗ ಮಾತ್ರ ಆ ಸೀಳಿನೊಳಗೆ ಹೋಗುವುದೇ ಇಲ್ಲ. ಆದ್ದರಿಂದ ಅದೊಂದನ್ನೇ ನಂಬಿ ನೀರಿಗಿಳಿಯುವುದು ಸರಿಯಲ್ಲ.

ಉಪ್ಪುನೀರಿನ ಪರೀಕ್ಷೆ ಇನ್ನೂ ಸರಳ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದೇ ಪ್ರಮಾಣದಲ್ಲಿ ಕಲಸಿದ ನೀರಿನಲ್ಲಿ ಐದನ್ನೂ ರಾತ್ರಿ ನೆನೆಸಿ, ಹಗಲು ಒಣಗಿಸಿ, ಒಂದು ವಾರ ನೋಡಿದೆ. ಕತ್ತರಿಯ ಮೊಳೆಯ ಸುತ್ತ ಕಂದು ಬಣ್ಣ ಮೂಡಿತು, ಮಡಚುವ ಚಾಕುವಿನ ಕೀಲು ಬಿಗಿಯಿತು, ಸ್ಟೀಲ್ ಚಾಕುವಿನ ಅಲಗಿನ ಮೇಲೆ ಅಕ್ಷರ ಕೊರೆದ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ತುಕ್ಕಿನ ಚುಕ್ಕೆಗಳು ಕಂಡವು. ‘ಸ್ಟೇನ್‌ಲೆಸ್’ ಎಂದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲವೆಂದು ತಿಳಿಯಬಾರದು. ಪಾತ್ರೆಗಳಿಗೆ ಬಳಸುವ 304 ಎಂಬ ದರ್ಜೆಯ ಉಕ್ಕಿನಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕ್ಕಲ್ ಇದ್ದು ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾಯಿಸಿ ಅದ್ದಿ ಅದನ್ನು ಗಟ್ಟಿಗೊಳಿಸಲು ಆಗದು. ಚಾಕುವಿಗೆ ಬಳಸುವ 420 ಉಕ್ಕು ಗಟ್ಟಿಯಾಗುತ್ತದೆ, ಆದರೆ ಅದರಲ್ಲಿ ಕ್ರೋಮಿಯಂ ಶೇಕಡಾ 13ರಷ್ಟೇ. ಟೈಟಾನಿಯಂಗೆ ಏನೂ ಆಗಲಿಲ್ಲ. ಅದರ ತೂಕವೂ ಅಷ್ಟೇ ಗಾತ್ರದ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ, ಮೇಲಾಗಿ ದಿಕ್ಸೂಚಿಯನ್ನು ಅದು ಅಲುಗಿಸುವುದಿಲ್ಲ. ಇಷ್ಟೆಲ್ಲ ಗುಣವಿದ್ದರೂ ಅದಕ್ಕೆ ಕೊಟ್ಟ ಹಣವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ವರ್ಷದ ಬಹುಪಾಲು ನಾನಿರುವುದು ಕಾವೇರಿಯ ಸಿಹಿನೀರಿನಲ್ಲಿ.

ಕಡಲಿಗೂ ಹಿನ್ನೀರಿಗೂ ಇರುವ ನಿಜವಾದ ವ್ಯತ್ಯಾಸ ಚಾಕುವನ್ನು ಕಟ್ಟಿಕೊಳ್ಳುವ ಜಾಗದಲ್ಲಿದೆ. ಡೈವಿಂಗ್ ಚಾಕುವಿನ ಒರೆಯನ್ನು ಮೀನಖಂಡಕ್ಕೆ ಕಟ್ಟುವ ರೂಢಿ ಹಳೆಯದು. ಕಯಾಕಿನಲ್ಲಿ ಕಾಲುಗಳು ದೋಣಿಯೊಳಗೆ ಚಾಚಿಕೊಂಡಿರುವುದರಿಂದ ಮಗುಚಿದಾಗ ಕೈ ಅಲ್ಲಿಗೆ ತಲುಪುವುದೇ ಇಲ್ಲ. ಲೈಫ್ ಜಾಕೆಟ್ಟಿನ ಎದೆಯ ಮೇಲೆ, ಎಡಗೈಗೂ ಬಲಗೈಗೂ ಎಟುಕುವಂತೆ ಇದ್ದರಷ್ಟೇ ಅದು ಉಪಯೋಗಕ್ಕೆ ಬರುತ್ತದೆ. ಚೂಪು ಮೊನೆ ಅಷ್ಟು ಹತ್ತಿರದಲ್ಲಿರುವುದು ನನಗೆ ಸಮ್ಮತವಲ್ಲ: ಗಾಳಿ ತುಂಬಿದ ಕಯಾಕಿಗೂ ಹೊಟ್ಟೆಗೂ ಅದು ಒಂದೇ ರೀತಿ ಅಪಾಯಕಾರಿ.

ಸದ್ಯಕ್ಕೆ ಹಿನ್ನೀರಿಗೆ ಮೊಂಡು ಮೊನೆಯ ಸ್ಟೀಲ್ ಚಾಕು ಎದೆಯ ಮೇಲೆ, ಕೊಕ್ಕೆ ಭುಜದ ಪಟ್ಟಿಯಲ್ಲಿ. ನೇತ್ರಾಣಿಗೆ ಕೊಕ್ಕೆಯ ಜೊತೆ ಟೈಟಾನಿಯಂ ಚಾಕು. ಅದರ ಹಿಡಿಯ ಲೋಹದ ತುದಿಯಿಂದ ಸಿಲಿಂಡರನ್ನು ತಟ್ಟಿ ಜೊತೆಗಾರರನ್ನು ಕರೆಯಲೂ ಬರುತ್ತದೆ. ಕತ್ತರಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದೆ. ಹಿನ್ನೀರಿನ ಕೆಸರು ಒರೆಯೊಳಗೆ ಸೇರಿ ಒಣಗಿದರೆ ಎಂಥ ಚಾಕುವೂ ಹೊರಗೆ ಬರದೆ ಕಚ್ಚಿಕೊಳ್ಳುವುದರಿಂದ, ದಡ ಬಿಡುವ ಮೊದಲು ಒಮ್ಮೆ ಎಳೆದು ನೋಡಿಯೇ ಹುಟ್ಟು ಹಿಡಿಯುತ್ತೇನೆ.