ಮರದ ಬಾಚಣಿಗೆ, ಮೂರು ವರ್ಷ, ಒಂದು ಮುರಿದ ಹಲ್ಲು

ಮೂರು ವರ್ಷದಿಂದ ನನ್ನ ಕನ್ನಡಿ ಮುಂದೆ ಇರುವುದು ಒಂದೇ ಬಾಚಣಿಗೆ. ಮರದ್ದು, ಅಗಲ ಹಲ್ಲಿನದು. ಅದರ ಅಳತೆ, ತೂಕ ಎಲ್ಲ ಪೊಟ್ಟಣದ ಮೇಲೇ ಇರುತ್ತದೆ, ಅದನ್ನು ಬಿಡಿ. ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ನನ್ನ ಕೂದಲು ಭುಜ ದಾಟಿ ಬೆಳೆಯುವುದೇ ಇಲ್ಲ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಈ ಬಾಚಣಿಗೆಯಿಂದ.

ಮೊದಲು ನನ್ನ ಹತ್ತಿರ ಇದ್ದಿದ್ದು ಒತ್ತೊತ್ತು ಹಲ್ಲಿನ ಪ್ಲಾಸ್ಟಿಕ್ ಬಾಚಣಿಗೆ. ತಲೆಸ್ನಾನ ಆದ ಕೂಡಲೇ, ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ, ನೆತ್ತಿಯಿಂದ ತುದಿವರೆಗೆ ಒಂದೇ ಎಳೆತ. ಕರಕರ ಅಂತ ಸದ್ದು ಬರುತ್ತಿತ್ತು. ಸಿಕ್ಕು ಬಿಡುವ ಸದ್ದು ಅಂದುಕೊಂಡಿದ್ದೆ. ಅದು ಕೂದಲು ತುಂಡಾಗುವ ಸದ್ದು! ಉದ್ದ ಬರಲಿ ಅಂತ ಎಣ್ಣೆ ಬದಲಾಯಿಸಿದೆ, ಶಾಂಪೂ ಬದಲಾಯಿಸಿದೆ, ಕೈಗೆ ಮೀರಿದ ದುಡ್ಡು ಕೊಟ್ಟು ಸೀರಮ್ ಕೂಡ ತಂದೆ. ಬಾಚುವ ರೀತಿ ಬದಲಾಯಿಸಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಒದ್ದೆಯಾದಾಗ ಕೂದಲು ರಬ್ಬರಿನ ಹಾಗೆ ಹಿಗ್ಗುತ್ತದೆ. ಆಗಲೇ ಅದು ಸುಲಭವಾಗಿ ತುಂಡಾಗುವುದು. ಅದಕ್ಕೇ ಈಗ ನನ್ನ ಕ್ರಮ ಬೇರೆ. ಮೊದಲು ಹಳೇ ಕಾಟನ್ ಟೀ ಶರ್ಟಿನಲ್ಲಿ ನೀರನ್ನು ಒತ್ತಿ ತೆಗೆಯುತ್ತೇನೆ, ಉಜ್ಜುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಒಣಗಲು ಬಿಡುತ್ತೇನೆ. ಅಂಗೈಯಲ್ಲಿ ಎರಡು ಹನಿ ಎಣ್ಣೆ ಸವರಿಕೊಂಡು ತುದಿಗಳಿಗೆ ಮಾತ್ರ ಮುಟ್ಟಿಸುತ್ತೇನೆ. ಆಮೇಲೆ ಬಾಚಣಿಗೆ. ತುದಿಯಿಂದ ನಾಲ್ಕು ಬೆರಳು ಮೇಲೆ ಇಟ್ಟು ಕೆಳಗೆ ಬಾಚುತ್ತೇನೆ. ಅದು ಸಲೀಸಾಗಿ ಹೋದ ಮೇಲೆ ಇನ್ನು ನಾಲ್ಕು ಬೆರಳು ಮೇಲೆ. ಸಿಕ್ಕು ಅಡ್ಡ ಬಂದರೆ ಅದರ ಮೇಲ್ಭಾಗವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಸಿಕ್ಕನ್ನು ಬೆರಳಿನಿಂದ ಬಿಡಿಸುತ್ತೇನೆ. ಹಾಗೆ ಹಿಡಿದರೆ ಬುಡಕ್ಕೆ ಎಳೆತ ತಾಗುವುದಿಲ್ಲ. ನೆತ್ತಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಎಲ್ಲಾ ಸೇರಿ ಎಂಟು ನಿಮಿಷ. ದಿನದಲ್ಲಿ ನನಗೆ ತುಂಬಾ ಇಷ್ಟವಾದ ಎಂಟು ನಿಮಿಷ ಅದು.

ಇದು ನನ್ನಂಥ ನೇರ ಕೂದಲಿನವರ ಲೆಕ್ಕ. ಗುಂಗುರು ಕೂದಲಿಗೆ ಇದು ಉಲ್ಟಾ. ಒಣಗಿದ ಮೇಲೆ ಬಾಚಿದರೆ ಜಾಸ್ತಿ ತುಂಡಾಗುತ್ತದೆ. ನನ್ನ ಗೆಳತಿ ಕಂಡೀಷನರ್ ಹಚ್ಚಿ, ಒದ್ದೆ ಇರುವಾಗಲೇ ಇದೇ ಥರದ ಬಾಚಣಿಗೆಯಲ್ಲಿ ಬಿಡಿಸಿಕೊಳ್ಳುತ್ತಾಳೆ.

ಇನ್ನು ನಾನು ನಿರೀಕ್ಷೆ ಮಾಡದ ವಿಷಯ. ಅಗಲ ಹಲ್ಲಿನ ನಡುವೆ ಕೂದಲು ಉಂಡೆ ಕಟ್ಟುವುದಿಲ್ಲ, ಒಂದೊಂದೇ ಎಳೆಯಾಗಿ ಉಳಿಯುತ್ತದೆ. ಸುಮ್ನೆ ಒಂದು ದಿನ ಒಂದು ಎಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಕೊನೆಯಲ್ಲಿ ಸೂಜಿ ಮೊನೆಯಷ್ಟು ಬಿಳಿ ಗಂಟು. ಇನ್ನೊಂದು ಎಳೆಗೆ ಗಂಟೇ ಇಲ್ಲ, ಎರಡೂ ಕಡೆ ಮೊಂಡು, ಉದ್ದ ಬರೀ ಒಂದು ಗೇಣು. ಗಂಟಿದ್ದದ್ದು ತನ್ನ ಕಾಲ ಮುಗಿಸಿ ತಾನಾಗಿ ಉದುರಿದ ಕೂದಲು. ಗಂಟಿಲ್ಲದ್ದು ನಡುವೆ ತುಂಡಾದದ್ದು. ಆ ಬಿಳಿ ಗಂಟು ನೋಡಿ ಬೇರು ಸಮೇತ ಕಿತ್ತು ಬಂತು ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಲ್ಲ. ಕೂದಲು ಹುಟ್ಟುವ ಚೀಲ ಚರ್ಮದೊಳಗೇ ಉಳಿದಿರುತ್ತದೆ, ಅಲ್ಲಿಂದ ಇನ್ನೊಂದು ಬರುತ್ತದೆ.

ಆವತ್ತು ಇಪ್ಪತ್ಮೂರು ಎಳೆ ಎಣಿಸಿದೆ. ಹದಿನಾಲ್ಕಕ್ಕೆ ಗಂಟಿರಲಿಲ್ಲ. ನನ್ನ ತೊಂದರೆ ಏನು ಅಂತ ಆಗ ಅರ್ಥವಾಯಿತು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ಗಿಂತ ತುಸು ಜಾಸ್ತಿ ಬೆಳೆಯುತ್ತದೆ, ವರ್ಷಕ್ಕೆ ಹತ್ತಿರ ಹತ್ತಿರ 15. ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತಲೇ ಇರುತ್ತದೆ. ನನ್ನದೂ ಮೇಲಿನಿಂದ ಬೆಳೆಯುತ್ತಲೇ ಇತ್ತು. ಬೆಳೆದಷ್ಟನ್ನು ಕೆಳಗಿನಿಂದ ನಾನೇ ಮುರಿಯುತ್ತಿದ್ದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅನ್ನುತ್ತಾರೆ, ಹಾಗಾಗಿ ಈಗ ಎಷ್ಟು ಬಿತ್ತು ಅಂತ ನೋಡುವುದಿಲ್ಲ. ಗಂಟು ಇದೆಯಾ ಇಲ್ಲವಾ ಅಂತ ಮಾತ್ರ ನೋಡುತ್ತೇನೆ.

ಇಷ್ಟೆಲ್ಲಾ ಹೊಗಳಿದ ಮೇಲೆ ಬೇಜಾರಾದದ್ದನ್ನೂ ಹೇಳಬೇಕು. ಪೊಟ್ಟಣದ ಮೇಲೆ ‘ಕೂದಲು ಉದುರುವುದು ನಿಲ್ಲುತ್ತದೆ, ಹೊಸ ಕೂದಲು ಹುಟ್ಟುತ್ತದೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಇದು ಸುಳ್ಳು. ಎರಡನೇ ವರ್ಷ ನನಗೆ ಜೋರು ಜ್ವರ ಬಂದು ಹೋಯಿತು. ಎರಡೂವರೆ ತಿಂಗಳಾದ ಮೇಲೆ ಹಿಡಿ ಹಿಡಿ ಕೂದಲು ಉದುರತೊಡಗಿತು. ಹೆಚ್ಚುಕಮ್ಮಿ ಎಲ್ಲಕ್ಕೂ ಬಿಳಿ ಗಂಟು. ಬಾಚಣಿಗೆ ಅದಕ್ಕೇನು ಮಾಡೀತು? ಚರ್ಮದ ಡಾಕ್ಟರ್ ಹತ್ತಿರ ಹೋದೆ. ಕಬ್ಬಿಣಾಂಶ, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿದರು. ಎರಡೂ ಸರಿಯಿತ್ತು. ಜ್ವರದ ನಂತರ ಹೀಗಾಗುತ್ತದೆ, ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಅಂದರು. ನಿಂತಿತು. ಪೊಟ್ಟಣದ ಮಾತು ನಂಬಿ ಮನೆಯಲ್ಲೇ ಕೂತವರ ಗತಿ ಏನು? ಅವರ ರಕ್ತದಲ್ಲಿ ಏನೋ ಕೊರತೆ ಇದ್ದರೆ? ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ದೂರು. ಇಷ್ಟು ದೊಡ್ಡ ಮಾತು ಬರೆದವರು, ತೊಳೆಯುವುದು ಹೇಗೆ ಅಂತ ಒಂದು ಸಾಲು ಬರೆದಿಲ್ಲ. ನಾನು ಒಮ್ಮೆ ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಮರ ಊದಿಕೊಂಡು, ಮೈಯೆಲ್ಲಾ ತರಿತರಿಯಾಗಿತ್ತು. ಒಂದು ವಾರದಲ್ಲಿ ಕೊನೇ ಹಲ್ಲು ಮುರಿದುಹೋಯಿತು. ಅದಕ್ಕಿಂತ ಕೆಟ್ಟದ್ದೊಂದು ಆಗಿತ್ತು, ಅದು ಕಣ್ಣಿಗೆ ಕಾಣಲಿಲ್ಲ. ಗಂಟಿಲ್ಲದ ತುಂಡು ಕೂದಲು ಮತ್ತೆ ಜಾಸ್ತಿಯಾಯಿತು. ಹತ್ತು ದಿನ ಕಾರಣ ಗೊತ್ತಾಗಲಿಲ್ಲ. ಕೊನೆಗೆ ಹತ್ತಿ ಉಂಡೆಯನ್ನು ಒಂದೊಂದೇ ಹಲ್ಲಿನ ಮೇಲೆ ಎಳೆದು ನೋಡಿದೆ. ಮೂರನೇ ಹಲ್ಲಿಗೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕೂದಲಿಗಿಂತ ಸಣ್ಣ ಸಿಬಿರು ಎದ್ದಿತ್ತು. ಕಂಪನಿಗೆ ಬರೆದರೆ ‘ಮರ ಅಂದಮೇಲೆ ಹಾಗೇ’ ಅಂತ ಒಂದು ಸಾಲಿನ ಉತ್ತರ. ನುಣುಪು ಮರಳು ಕಾಗದದಿಂದ ನಾನೇ ತೀಡಿ, ಎಣ್ಣೆ ಹಚ್ಚಿ, ಎರಡು ದಿನ ನೆರಳಲ್ಲಿ ಇಟ್ಟೆ. ಸರಿಹೋಯಿತು. ಈಗ ವಾರಕ್ಕೊಮ್ಮೆ ಹಳೇ ಟೂತ್‌ಬ್ರಷ್‌ನಿಂದ ಒಣ ಕೊಳೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸುತ್ತೇನೆ. ಅಷ್ಟೇ. ಹೊಸದು ಕೊಳ್ಳುವಾಗ ಹಲ್ಲುಗಳನ್ನು ಮಣಿಕಟ್ಟಿನ ಒಳಗಡೆ ಒಮ್ಮೆ ಎಳೆದು ನೋಡಿ. ಎಲ್ಲಾದರೂ ಚುರ್ ಅಂದರೆ ತಗೋಬೇಡಿ.

ದಿನಕ್ಕೆ ನೂರು ಸಲ ಬಾಚಿದರೆ ಉದ್ದ ಬರುತ್ತದೆ ಅನ್ನುವ ಮಾತನ್ನೂ ಬಿಟ್ಟುಬಿಡಿ, ಅದರಿಂದ ಕೂದಲು ಸವೆಯುತ್ತದೆ ಅಷ್ಟೇ. ರಾತ್ರಿ ಸಡಿಲ ಜಡೆ ಹಾಕಿಕೊಳ್ಳುತ್ತೇನೆ. ಹಣೆ ಎಳೆಯುವಷ್ಟು ಬಿಗಿಯಾಗಿ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಕವಲೊಡೆದ ತುದಿಯನ್ನು ಯಾವ ಸೀರಮ್ಮೂ ಅಂಟಿಸಲಾರದು, ಹಾಗಾಗಿ ಆರು ತಿಂಗಳಿಗೆ ಒಂದು ಬೆರಳಗಲ ಕತ್ತರಿಸುತ್ತೇನೆ.

ಸೊಂಟಕ್ಕೆ ಈಗ ನಾಲ್ಕು ಬೆರಳು ಬಾಕಿ. ರಾತ್ರಿ ಜಡೆ ಹೆಣೆಯುವಾಗ ಒಂದು ಎಳೆಯನ್ನು ಎರಡು ಬೆರಳ ನಡುವೆ ಬುಡದಿಂದ ಕೆಳಗೆ ಸವರುತ್ತೇನೆ. ತುಂಬಾ ದೂರ ನುಣುಪು. ತುದಿಗೆ ಒಂದು ಗೇಣು ಇದೆ ಅನ್ನುವಾಗ ಒರಟು ಶುರುವಾಗುತ್ತದೆ. ಆ ಗೇಣು ಪ್ಲಾಸ್ಟಿಕ್ ಬಾಚಣಿಗೆಯ ಕಾಲದ್ದು. ಅದರ ಮೇಲಿನ 45 ಸೆಂಟಿಮೀಟರ್‌ಗೆ ಆ ಕರಕರ ಸದ್ದೇ ಗೊತ್ತಿಲ್ಲ.