ಷೆವ್ರೊಲೆ ಎಂಜಿನ್‌ನ ಕೋಬ್ರಾ ರೆಪ್ಲಿಕಾ: ಆರು ವರ್ಷ ಓಡಿಸಿ, ಮಾರಿದ ಮೇಲೆ

ಓಡಿಸೋಕೆ ಇದಕ್ಕಿಂತ ಒಳ್ಳೆಯ ಕಾರು ನನ್ನ ಕೈಗೆ ಸಿಕ್ಕಿಲ್ಲ. ಕಿಟ್‌ನಿಂದ, ಅಂದರೆ ಬಿಡಿಭಾಗಗಳ ಕಟ್ಟಿನಿಂದ, ಜೋಡಿಸಿದ ಕಾರು: ಫೈಬರ್‌ಗ್ಲಾಸ್ ಬಾಡಿ, ಫೋರ್ಡ್ ಎಂಜಿನ್ನಿನ 1965ರ ಸ್ಪೋರ್ಟ್ಸ್ ಕಾರು 427 ಕೋಬ್ರಾದ ಅಚ್ಚು. ಒಳಗೆ ಷೆವ್ರೊಲೆಯ ಎಲ್‌ಎಸ್3: 6.2 ಲೀಟರ್‌ನ ವಿ8 (ಎಂಟು ಸಿಲಿಂಡರ್), ಅದೇ ಕಂಪನಿಯ ಸ್ಪೋರ್ಟ್ಸ್ ಕಾರಾದ 2008ರ ಕಾರ್ವೆಟ್‌ನಲ್ಲಿ 430 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್. ಬ್ಲಾಕ್ ಅಲ್ಯೂಮಿನಿಯಂನದು, ಹಾಗಾಗಿ ಕಾರಿನ ಮುಂಭಾಗ ಹಗುರ. ಚಳಿಯ ಬೆಳಗ್ಗೆಯೂ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್. ಆಯಿಲ್, ಫಿಲ್ಟರ್, ಒಮ್ಮೆ ವಾಟರ್ ಪಂಪ್ ಬಿಟ್ಟರೆ ಆರು ವರ್ಷ ನನ್ನಿಂದ ಏನನ್ನೂ ಕೇಳಲಿಲ್ಲ.

ಮಾರಲು ಹೊರಟಾಗ ಕಥೆ ಬೇರೆಯಾಯಿತು. ಮೊದಲು ಬಂದವರು ಸೀಟಲ್ಲಿ ಕೂತು, ಬಣ್ಣದ ಮೇಲೆ ಕೈಯಾಡಿಸಿ ಖುಷಿಪಟ್ಟರು. ಬಾನೆಟ್ ಎತ್ತಿದೆ. "ಅಯ್ಯೋ, ಷೆವಿನಾ?" ಅಂದವರು ಬೆಲೆಯನ್ನೂ ಕೇಳದೆ ಹೊರಟರು. ಎರಡನೆಯವರೂ ಹಾಗೇ. ಮೂರನೆಯವರು ಕೊಂಡರು, ಆದರೆ ಇದೇ ಕಿಟ್‌ನ, ಇದೇ ವಯಸ್ಸಿನ, ಫೋರ್ಡ್ 302 ಎಂಜಿನ್ (ಅಂಕಿ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ) ಕೂಡಿಸಿದ ಇನ್ನೊಂದು ಕಾರಿಗೆ ಸಿಕ್ಕ ಬೆಲೆಗಿಂತ ಕಾಲು ಭಾಗ ಕಡಿಮೆಗೆ. ಶಕ್ತಿಯಲ್ಲಿ ಆ 302 ನನ್ನದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಆಗ ಬೇಜಾರಾಗಿತ್ತು. ಈಗ ಯೋಚಿಸಿದರೆ ಅವರದೇ ಸರಿ. ಕೋಬ್ರಾ ಹುಟ್ಟಿಸಿದ ಅಮೆರಿಕದ ಮಾಜಿ ರೇಸರ್ ಕ್ಯಾರೊಲ್ ಶೆಲ್ಬಿ 1962ರಲ್ಲಿ ಬ್ರಿಟನ್ನಿನ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಕೂರಿಸಿದ್ದೇ ಕಾರ್ವೆಟ್ಟನ್ನು ಸೋಲಿಸಲಿಕ್ಕೆ. ಕೋಬ್ರಾ ಪ್ರೀತಿಸುವವರಿಗೆ ಅದರ ಹೊಟ್ಟೆಯಲ್ಲಿ ಕಾರ್ವೆಟ್‌ನ ಎಂಜಿನ್ ಕಂಡರೆ ಕರುಳು ಕಿವುಚದೇ ಇರುತ್ತದೆಯೇ? ಇಂಥ ಕಾರು ಕೊಳ್ಳುವವರು ವೇಗಕ್ಕೆ ಕೊಡುವುದಕ್ಕಿಂತ ಹೆಚ್ಚಿನ ದುಡ್ಡನ್ನು ಆ ಹಳೆಯ ಹಟಕ್ಕೆ ಕೊಡುತ್ತಾರೆ.

ಹಾಗಂತ ಮೂಲ 427 ಕೋಬ್ರಾದಲ್ಲಿದ್ದ ಫೋರ್ಡ್‌ನ 7 ಲೀಟರ್‌ನ 427 ಎಫ್‌ಇ ಎಂಜಿನ್ ಹುಡುಕಿಕೊಂಡು ಹೋಗಬೇಕಿಲ್ಲ. ಮೆಚ್ಚುವವರು ಸಿಕ್ಕರೆ ಅದಕ್ಕೆ ಒಳ್ಳೆಯ ಬೆಲೆಯಿದೆ, ನಿಜ. ಆದರೆ ಎರಕದ ಕಬ್ಬಿಣದ ಆ ಭಾರ, ಕಾಲ ಬಳಿ ಏರುವ ಆ ಕಾವು ಎಲ್ಲರಿಗೂ ಒಗ್ಗುವುದಿಲ್ಲ. ಶೆಲ್ಬಿ ತಾವೇ ಕೆಲವು "427" ಕಾರುಗಳಿಗೆ ಅಗ್ಗದ ಫೋರ್ಡ್ 428 ಎಂಜಿನ್ ಹಾಕಿ ಮಾರಿದ್ದರು. ನನ್ನ ಮಟ್ಟಿಗೆ 5.8 ಲೀಟರ್‌ನ 351 ವಿಂಡ್ಸರ್ ಹದವಾದ ಆಯ್ಕೆ: ಫೋರ್ಡ್ ಮನೆಯದು, ಬಿಡಿಭಾಗ ಸುಲಭ, ಮೆಕ್ಯಾನಿಕ್‌ಗಳಿಗೆ ಪರಿಚಿತ. ಮೇಲೆ ಕಾರ್ಬುರೇಟರ್ ಮತ್ತು ದುಂಡನೆಯ ಏರ್ ಕ್ಲೀನರ್ ಇದ್ದರೆ ಬಾನೆಟ್ ಎತ್ತಿದವರ ಮುಖ ಅರಳುತ್ತದೆ.

ಪೋರ್ಷೆ 356 ಸ್ಪೀಡ್‌ಸ್ಟರ್ ರೆಪ್ಲಿಕಾಗಳ ಲೆಕ್ಕ ಬೇರೆ. ಅಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ ಕಂಡು ಯಾರೂ ಮುಖ ಸಿಂಡರಿಸುವುದಿಲ್ಲ, ಪೋರ್ಷೆ ಹುಟ್ಟಿದ್ದೇ ಆ ಬಳ್ಳಿಯಲ್ಲಿ. ನೀರಿನಿಂದ ತಣಿಯುವ ಸುಬಾರು ಎಂಜಿನ್ ಹಾಕಿದರೆ ಓಟ ಹೆಚ್ಚುತ್ತದೆ, ಆದರೆ ಮೂಲ ಕಾರಿನಲ್ಲಿ ಇರದಿದ್ದ ರೇಡಿಯೇಟರ್ ಕೂಡಿಸಬೇಕಾಗುತ್ತದೆ.

ಇನ್ನೊಂದು ವಿಷಯ. ಆ 302ರ ಮಾಲೀಕರ ಬಳಿ ದಪ್ಪನೆಯ ಫೈಲ್ ಇತ್ತು: ಸಿಲಿಂಡರ್ ಬೋರ್ ಮಾಡಿಸಿದ ಬಿಲ್, ಕ್ಯಾಮ್‌ಶಾಫ್ಟ್‌ನ ನಂಬರು, ಎಂಜಿನ್ ಶಕ್ತಿ ಅಳೆದು ಕೊಟ್ಟ ಡೈನೋ ಶೀಟು. ನನ್ನ ಕಾರು ಕಟ್ಟಿಕೊಟ್ಟವರು ಬಾಯಲ್ಲಿ ಎಲ್ಲ ಹೇಳಿದರು, ಕಾಗದದಲ್ಲಿ ಏನನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಕೊಂಡವರು ಬೆಲೆ ಇಳಿಸಿದ್ದರಲ್ಲಿ ಅರ್ಧ ಈ ಕಾರಣಕ್ಕೇ.