ಜುಳೆ ಸೊಲ್ಲಾಪುರದಲ್ಲಿ ಒಂಬತ್ತು ವರ್ಷ: ಮನೆಗಿಂತ ಮೊದಲು ನೀರಿನ ಟಾಕಿ ನೋಡಿ

ಮಹಾರಾಷ್ಟ್ರದ ಸೊಲ್ಲಾಪುರದ ಈ ಬಡಾವಣೆಯಲ್ಲಿ ಮನೆ ಹುಡುಕುವವರು ಬರುವುದು ಹಗಲಿನಲ್ಲಿ. ವಿಜಾಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಾಲು ಮನೆಗಳು, ಗೇಟಿನ ಪಕ್ಕ ದಾಸವಾಳ, ಓಣಿಯಲ್ಲಿ ಸೈಕಲ್ ಹೊಡೆಯುವ ಮಕ್ಕಳು. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುತ್ತದೆ. ನಮಗೂ ಹಾಗೇ ಆಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರದ ಹೆಸರು ಬಂದಿತ್ತು. ನಮ್ಮ ಯಜಮಾನರು ಅದನ್ನೇ ಹೇಳಿ ನನ್ನನ್ನು ಒಪ್ಪಿಸಿದರು. ಒಂದೇ ಮಧ್ಯಾಹ್ನದಲ್ಲಿ ಮನೆ ನೋಡಿ ಡಿಪಾಜಿಟ್ ಕೊಟ್ಟೆವು. ಅಡುಗೆಮನೆಯ ನಳ ತಿರುವಿದೆ, ನೀರು ಬಂತು, ಅಷ್ಟಕ್ಕೇ ಸಮಾಧಾನಪಟ್ಟೆ. ಅದು ಮೇಲಿನ ಟಾಕಿಯಲ್ಲಿ ಉಳಿದಿದ್ದ ನೀರು ಎಂದು ಮೂರನೆಯ ದಿನ ಗೊತ್ತಾಯಿತು.

ನಮ್ಮ ಓಣಿಗೆ ನೀರು ಬಿಡುವುದು ನಾಲ್ಕು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಐದು. ಎಲ್ಲಾದರೂ ಪೈಪ್ ಒಡೆದರೆ ಆರು, ಏಳು. ಅದೂ ಯಾವ ಹೊತ್ತಿಗೆ ಎಂದು ಹೇಳುವವರಿಲ್ಲ. ನಮಗೆ ಹೆಚ್ಚಾಗಿ ನಡುರಾತ್ರಿ, ಒಂದೂವರೆಯಿಂದ ಮೂರೂವರೆಯ ಒಳಗೆ.

ಒತ್ತಡ ಎಷ್ಟು ಕಡಿಮೆ ಎಂದರೆ ಅಂಗಳದಲ್ಲಿ ಮೂರು ಅಡಿ ಗುಂಡಿ ತೋಡಿ ಅದರ ತಳದಲ್ಲಿ ನಳ ಕೂರಿಸಿದ್ದಾರೆ. ಮೊದಲು ಬರುವುದು ಗಾಳಿ. ಸುಂಯ್ ಎನ್ನುತ್ತದೆ, ಎರಡು ಸಲ ಕೆಮ್ಮುತ್ತದೆ, ಆಮೇಲೆ ಕೆಂಪು ನೀರು. ಆ ಕೆಂಪು ನೀರನ್ನು ನಾನು ಚೆಲ್ಲುವುದಿಲ್ಲ. ಎರಡು ಬಕೆಟ್ ಗಿಡಗಳಿಗೆ, ಎರಡು ಪಾಯಖಾನೆಗೆ. ಹತ್ತು ನಿಮಿಷಕ್ಕೆ ತಿಳಿಯಾಗುತ್ತದೆ. ಆಗ ಹಳೆಯ ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ, ಕುಡಿಯುವ ನೀರನ್ನು ಮೊದಲು ಹಿಡಿದು ತಾಮ್ರದ ಹಂಡೆಗೆ ತುಂಬುತ್ತೇನೆ. ನಂತರ ಪೈಪು ಕೆಳಗಿನ ಟಾಕಿಗೆ. ಅದು ಅರ್ಧ ತುಂಬಿದ ಮೇಲೆ ಮೋಟರ್ ಹಾಕಿ ಮೇಲಕ್ಕೆ ಏರಿಸುವುದು. ಈ ಸರದಿ ತಪ್ಪಿದರೆ ಬೆಳಗ್ಗೆ ಒಂದಲ್ಲ ಒಂದು ಕೊರತೆ. ಬಟ್ಟೆ ಒಗೆಯುವುದು, ಕೂದಲು ತೊಳೆಯುವುದು, ಬೀಗರು ಬರುವುದು ಎಲ್ಲವೂ ನೀರಿನ ದಿನ ನೋಡಿಕೊಂಡೇ ನಿಶ್ಚಯವಾಗುತ್ತದೆ. ಕೆಲವು ಮನೆಯವರು ನೇರ ಲೈನಿಗೇ ಮೋಟರ್ ಹಚ್ಚಿ ಎಳೆಯುತ್ತಾರೆ. ಆಗ ಓಣಿಯ ಕೊನೆಯಲ್ಲಿರುವ ನಮಗೆ ಬೆರಳಿನಷ್ಟು ಧಾರೆ ಮಾತ್ರ. ಈ ವಿಷಯಕ್ಕೆ ನಾನು ಎರಡು ಸಲ ಬಾಯಿ ಮಾಡಿದ್ದೇನೆ. ಇನ್ನೂ ಮಾಡುತ್ತೇನೆ.

ನನಗೆ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ಈ ಊರಿಗೆ ಹೆಚ್ಚಿನ ನೀರು ಬರುವುದು ನೂರು ಕಿ.ಮೀ.ಗೂ ದೂರದ ಉಜನಿ ಜಲಾಶಯದಿಂದ. ಒಂದಿಷ್ಟು ಪೈಪ್‌ಲೈನಿನಲ್ಲಿ, ಒಂದಿಷ್ಟು ಭೀಮಾ ನದಿಗೆ ಬಿಟ್ಟು ಟಾಕಳಿಯ ಬಳಿ ಮೇಲೆತ್ತಿ. ಟಾಕಳಿಯ ಎದುರು ದಂಡೆಯೇ ಕರ್ನಾಟಕದ ಧೂಳಖೇಡ. ನನ್ನ ತವರು ಅದೇ ಸೀಮೆ. ಸಣ್ಣವಳಿದ್ದಾಗ ಆ ಹೊಳೆಗಿಳಿದು ಕೊಡ ತುಂಬಿಕೊಂಡು ಬರುತ್ತಿದ್ದೆ, ಯಾರನ್ನೂ ಕೇಳಬೇಕಿರಲಿಲ್ಲ. ಇನ್ನು ಸೊಲ್ಲಾಪುರವೆಂದರೆ ಹಿಂದಿನ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸುವುದನ್ನೇ ಪೂಜೆ ಎಂದು ಮಾಡಿದ ಊರು. ಅವರ ಗುಡಿ ಇವತ್ತಿಗೂ ಆ ಕೆರೆಯ ನಡುವೆ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಬಿಳಿ ಬಾರಾಬಂದಿ ಅಂಗಿ ತೊಟ್ಟವರು ಏಳು ನಂದಿಧ್ವಜ ಹೊತ್ತು 68 ಲಿಂಗಗಳ ಪ್ರದಕ್ಷಿಣೆ ಹೊರಟಾಗ ಕೈಮುಗಿದು ನಿಲ್ಲುತ್ತೇನೆ, ಕಣ್ಣು ತುಂಬುತ್ತದೆ. ಮನೆಗೆ ಬಂದು ನಳ ತಿರುವಿದರೆ ನೀರಿಲ್ಲ. ಕೆರೆ ಕಟ್ಟಿಸಿದವರ ಊರಿನಲ್ಲಿ ಹೀಗಾಗಬಾರದಿತ್ತು.

ಖರ್ಚನ್ನೂ ಹೇಳಿಬಿಡುತ್ತೇನೆ. ಬಾಡಿಗೆ 8,000ದಿಂದ ಶುರುವಾಗಿ ಈಗ 12,500. ಎರಡು ಕೋಣೆ, ಪಡಸಾಲೆ, ಸಣ್ಣ ಅಂಗಳ. ನಮ್ಮಂಥ ಒಂದೇ ಪಗಾರದ ಮನೆಗೆ ಇದು ದುಬಾರಿ ಅಲ್ಲ. ಆದರೆ ಮೇ ತಿಂಗಳಲ್ಲಿ ಎರಡು ಮೂರು ಟ್ಯಾಂಕರ್ ತರಿಸಲೇಬೇಕು. ಹೋದ ವರ್ಷ ಒಂದಕ್ಕೆ 900 ಕೊಟ್ಟೆ. ಬೋರಿನ ನೀರು ಗಡಸು, ಬೇಳೆ ಬೇಯುವುದಿಲ್ಲ.

ಇಷ್ಟೆಲ್ಲ ಇದ್ದೂ ಯಾಕೆ ಇದ್ದೀರಿ ಎಂದು ತಂಗಿ ಕೇಳುತ್ತಾಳೆ. ಅದಕ್ಕೆ ಉತ್ತರ ನಮ್ಮ ಅತ್ತಿ, ಯಜಮಾನರ ತಾಯಿ.

ಅತ್ತಿ ಚಡಚಣದ ಕಡೆಯವರು. ಇಲ್ಲಿಗೆ ಬರುವಾಗ ಎಪ್ಪತ್ತು ದಾಟಿತ್ತು, ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ ಒಬ್ಬರೇ ಮನೆಯಲ್ಲಿ ಮೂಕರಂತೆ ಕೂರಬೇಕಾಗುತ್ತದೆ ಎಂದು ನನಗೆ ಹೆದರಿಕೆಯಿತ್ತು. ಮೊದಲ ವಾರವೇ ಕಾಯಿಪಲ್ಲೆಯವಳು ಗೇಟಿನಲ್ಲಿ ನಿಂತು "ಆಯಿ, ಮೆಂತೆಪಲ್ಲೆ ಎಳೀದದ, ತಗೋರಿ" ಅಂದಳು. ನೀರು ಬಿಡುವ ಚಾವಿವಾಲಾನ ಮನೆಮಾತೂ ಕನ್ನಡವೇ. ಎಡಮನೆಯ ವೈನಿ ಮರಾಠಿಯವರು, ಬಲಮನೆಯವರು ತೆಲುಗಿನ ಪದ್ಮಶಾಲಿಗಳು, ಅವರ ಹಿರಿಯರು ಮಗ್ಗದ ಕೆಲಸಕ್ಕೆ ಬಂದು ಇಲ್ಲೇ ನೆಲೆಯಾದವರು. ಇಬ್ಬರಿಗೂ ಅತ್ತಿಯ ಮಾತು ತಿಳಿಯುತ್ತದೆ.

ಅತ್ತಿಗೆ ರಾತ್ರಿ ನಿದ್ದೆ ಕಡಿಮೆ. ಹಾಗಾಗಿ ನಳದ ಗಾಳಿಯ ಸದ್ದು ಓಣಿಯಲ್ಲಿ ಮೊದಲು ಕೇಳುವುದು ಅವರಿಗೇ. ಮೊದಮೊದಲು ನಮ್ಮನ್ನಷ್ಟೇ ಎಬ್ಬಿಸುತ್ತಿದ್ದರು. ಒಮ್ಮೆ ವೈನಿ ಮಲಗಿಬಿಟ್ಟು ನೀರು ತಪ್ಪಿತು, ಮನೆಯಲ್ಲಿ ಹಸುಗೂಸು ಬೇರೆ. ಅಂದಿನಿಂದ ಅತ್ತಿ ಸೆರಗು ಹೊದ್ದು, ಬ್ಯಾಟರಿ ಹಿಡಿದು ಗೇಟಿಗೆ ಗೇಟು ಬಡಿಯತೊಡಗಿದರು. ಕನ್ನಡದವರ ಮನೆ ಮುಂದೆ "ನೀರ ಬಂತ್ರೀ", ವೈನಿಯ ಗೇಟಿನಲ್ಲಿ "ಪಾಣಿ ಆಲಂ", ಪದ್ಮಶಾಲಿಗಳ ಬಾಗಿಲಲ್ಲಿ "ನೀಳ್ಳು ವಚ್ಚಿನಯ್". ಮರಾಠಿ, ತೆಲುಗಿನ ಈ ಎರಡು ಮಾತು ಕಲಿಸಿದವಳು ನನ್ನ ಮಗಳು. ಅದಕ್ಕೆ ಬದಲು ಅತ್ತಿ ಅವಳಿಗೆ ಕನ್ನಡ ಓದು ಕಲಿಸಿದರು. ಶಾಲೆಯಲ್ಲಿ ಅವಳದು ಮರಾಠಿ, ಮನೆಯಲ್ಲಿ ಅಜ್ಜಿಯ ಪಕ್ಕ ಕೂತು ಕ್ಯಾಲೆಂಡರಿನ ಹಿಂದಿನ ರಾಶಿಫಲವನ್ನು ಅಕ್ಷರ ಕೂಡಿಸಿ ಓದುತ್ತಾಳೆ.

ಮೇ ತಿಂಗಳಲ್ಲಿ ಹಗಲು 43 ಡಿಗ್ರಿ ದಾಟಿದ ದಿನ, ರಾತ್ರಿ ಎರಡಕ್ಕೆ ಟಾಕಿ ತುಂಬುವವರೆಗೆ ಎಲ್ಲರೂ ಕಟ್ಟೆಯ ಮೇಲೆ ಕೂರುತ್ತೇವೆ. ಯಾರೋ ಚಹಾ ತರುತ್ತಾರೆ. ನಾನು ಶೇಂಗಾ ಚಟ್ನಿ, ಕಡಕ್ ರೊಟ್ಟಿ ಒಯ್ಯುತ್ತೇನೆ. ಹುಡುಗಿಯರು, ಹೆಂಗಸರು ಆ ಹೊತ್ತಿನಲ್ಲಿ ನಿರ್ಭಯವಾಗಿ ಓಣಿಯಲ್ಲಿ ಓಡಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದರಿಂದ ನೀರಿನ ತೊಂದರೆಯೇನೂ ಕಡಿಮೆಯಾಗುವುದಿಲ್ಲ. ನನ್ನ ಸೊಂಟನೋವು ನನಗೆ ಗೊತ್ತು. ರಾತ್ರಿ ಪಾಳಿಯ ಕೆಲಸದವರು, ಇಬ್ಬರೇ ಇರುವವರು, ಎತ್ತಿಕೊಂಡು ತಿರುಗುವ ಕೂಸಿರುವವರು ಇಲ್ಲಿ ಬಾಡಿಗೆ ಹಿಡಿಯಬೇಡಿ ಎಂದೇ ಹೇಳುತ್ತೇನೆ. ಹಿಡಿಯುವುದಾದರೆ ಕೆಳಗಿನ ಟಾಕಿ 3,000 ಲೀಟರಿಗೆ ಕಡಿಮೆಯಿದ್ದರೆ ಮುಂದಿನ ಮನೆ ನೋಡಿ. ಓಣಿಯ ಕೊನೆಯ ಮನೆಯಂತೂ ಬೇಡವೇ ಬೇಡ.

ದೀಪಾವಳಿಗೆ ಮೊದಲು ಊರಿನ ಇನ್ನೊಂದು ಕಡೆ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆ ನೋಡಿಬಂದೆವು. ಇಪ್ಪತ್ನಾಲ್ಕು ತಾಸು ನೀರು, ಲಿಫ್ಟು, ಬಾಡಿಗೆ 16,000. ಅತ್ತಿ ನಳ ತಿರುವಿದರು, ಮುಚ್ಚಿದರು, ಮತ್ತೆ ತಿರುವಿದರು. ಕೆಳಗಿಳಿದು ಬರುವಾಗ "ಇಲ್ಲಿ ಯಾರನ್ನ ಎಬ್ಬಸೂದೈತಿ" ಅಂದರು. ಯಜಮಾನರು ನನ್ನ ಮುಖ ನೋಡಿದರು.

ಮತ್ತೆ ಹನ್ನೊಂದು ತಿಂಗಳಿಗೆ ಕರಾರು ಮಾಡಿಸಿದ್ದೇವೆ. ಸಾವಿರ ಲೀಟರಿನ ಇನ್ನೊಂದು ಟಾಕಿ ತಂದೆವು. ಅತ್ತಿಗೆ ಈಗ ಮಂಡಿನೋವು, ಗೇಟಿಗೆ ಗೇಟು ಹೋಗಲಾಗುವುದಿಲ್ಲ. ಬಾಗಿಲಲ್ಲೇ ನಿಂತು ಸ್ಟೀಲಿನ ತಾಟು ಬಡಿಯುತ್ತಾರೆ, ಮಗಳು ಓಣಿಯುದ್ದ ಓಡುತ್ತಾಳೆ.